ಡಬ್ಬಿಯ ಮೇಲಿನ ಡಿಬಿ ನಂಬಬೇಕೇ? ಆಂಟೆನಾ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳ ಅಂಕಣದಲ್ಲಿ ವೈಫೈ ರೂಟರಿನ ಬಗ್ಗೆ ಎರಡು ಸಾಲು ಬರೆದದ್ದೇ ತಡ, ಬಂದ ಪತ್ರಗಳೆಲ್ಲ ಆಂಟೆನಾದ್ದೇ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಡಿಬಿ (ಡೆಸಿಬೆಲ್) ಎಂದರೆ ಬಲ ಎಷ್ಟು ಪಟ್ಟು ಏರಿತು, ಇಳಿಯಿತು ಎಂಬುದರ ಲೆಕ್ಕ: 3 ಡಿಬಿ ಎಂದರೆ ಇಮ್ಮಡಿ, 10 ಎಂದರೆ ಹತ್ತು ಪಟ್ಟು. ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಆಂಟೆನಾಗೆ ಹೋಲಿಸಿದರೆ ಒಂದು ದಿಕ್ಕಿಗೆ ಎಷ್ಟು ಹೆಚ್ಚು ಎಂಬುದೇ ಗೇನ್, ಅದನ್ನು ಡಿಬಿಐಯಲ್ಲಿ ಬರೆಯುತ್ತಾರೆ. ರಾಡಾರ್ ಆಂಟೆನಾ ಅಳೆಯುವುದರಲ್ಲೇ ನೌಕರಿ ಮುಗಿಸಿದ ನನಗೇನೋ ಖುಷಿಯೇ. ಒಂದು ಕೋರಿಕೆ ಮಾತ್ರ ಇದೆ. "ಒಳ್ಳೆಯ ಆಂಟೆನಾ ಯಾವುದು?" ಎಂದಷ್ಟೇ ಬರೆದು ಕಳಿಸಬೇಡಿ. ಯಾವ ಆವರ್ತನ, ಎಷ್ಟು ದೂರ, ನಡುವೆ ಏನೇನಿದೆ, ಕೇಬಲ್ ಎಷ್ಟು ಮೀಟರ್ ಎಂದು ಬರೆಯಿರಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮ ಮನೆ ಕಣಿವೆಯಲ್ಲಿದೆ. ಫೈಬರ್ ಬಂದಿರುವುದು ಎದುರು ಗುಡ್ಡದ ಮೇಲಿನ ಅಣ್ಣನ ಮನೆಗೆ. ನೇರ ದೂರ 2.3 ಕಿ.ಮೀ., ನಡುವೆ ಅಡಿಕೆ ತೋಟ ಮತ್ತು ಒಂದು ಹಳ್ಳ. 5.8 ಗಿಗಾಹರ್ಟ್ಸ್‌ನ ಜೋಡಿ ರೇಡಿಯೊ ಹಾಕಿಸೋಣ ಎಂದರೆ ಅಂಗಡಿಯವರು 30 ಡಿಬಿಐ ಡಿಶ್ಶೇ ಬೇಕು ಅನ್ನುತ್ತಾರೆ. 23ರದ್ದು ಸಾಲದೇ? ನೆಂಟರೊಬ್ಬರು ಏಪ್ರಿಲ್‌ನಲ್ಲಿ ಹಾಕಿಸಿದ್ದು ಜೂನ್‌ನಲ್ಲಿ ನಿಂತೇಹೋಯಿತು. ಅದೂ ಒಂದು ಹೆದರಿಕೆ.
(ಅಡಿಕೆ ಬೆಳೆಗಾರರು, ಸಿದ್ದಾಪುರ)

ಉತ್ತರ: 23 ಧಾರಾಳ ಸಾಕು. ದುಡ್ಡು ಕೊಡುವ ಮೊದಲು ಒಂದು ಹಾಳೆ, ಪೆನ್ನು ತೆಗೆದುಕೊಂಡು ಕೂರಿ. 5.8 ಗಿಗಾಹರ್ಟ್ಸ್ ಅಲೆ ಅಡ್ಡಿಯಿಲ್ಲದ 2.3 ಕಿ.ಮೀ. ದಾಟುವಾಗ ಆಗುವ ನಷ್ಟ ಸುಮಾರು 115 ಡಿಬಿ. ಲೈಸೆನ್ಸ್ ಇಲ್ಲದೆ ಈ ಆವರ್ತನ ಪಟ್ಟಿಯಲ್ಲಿ ಕಳಿಸಬಹುದಾದ ಗರಿಷ್ಠ ಬಲ, ಆಂಟೆನಾದ ಗೇನ್ ಕೂಡಿಸಿಕೊಂಡೇ, 4 ವ್ಯಾಟ್. ಒಂದು ಮಿಲಿವ್ಯಾಟಿಗೆ ಹೋಲಿಸಿದ ಡಿಬಿ ಲೆಕ್ಕದಲ್ಲಿ 36 ಡಿಬಿಎಂ. 36ರಲ್ಲಿ 115 ಕಳೆಯಿರಿ, ನಿಮ್ಮ ತುದಿಯ ಆಂಟೆನಾದ 23 ಕೂಡಿಸಿ: −56 ಡಿಬಿಎಂ ಬಂತು. ಇಂಥ ರೇಡಿಯೊಗಳು ಅದಕ್ಕಿಂತ ದುರ್ಬಲವಾದ −65ರಲ್ಲೂ ಹಾಯಾಗಿ ಓಡುತ್ತವೆ.

30ರ ಡಿಶ್ ಹಾಕಿದರೆ ಕಳಿಸುವ ಕಡೆ ನಿಮಗೆ ದಕ್ಕುವುದು ಏನೂ ಇಲ್ಲ. ಗೇನ್ ಏರಿಸಿದಷ್ಟೂ ರೇಡಿಯೊದ ಬಲ ಇಳಿಸಿ ಅದೇ 36ಕ್ಕೆ ತಂದು ನಿಲ್ಲಿಸಬೇಕು. ಸೆಟ್ಟಿಂಗಿನಲ್ಲಿ ದೇಶ ಇಂಡಿಯಾ ಎಂದು ಆರಿಸಿ, ಆಂಟೆನಾದ ಗೇನ್ ಇದ್ದದ್ದನ್ನು ಇದ್ದಂತೆ ನಮೂದಿಸಿದರೆ ಯಂತ್ರವೇ ಇಳಿಸಿಕೊಳ್ಳುತ್ತದೆ. ಸಾಲದ್ದಕ್ಕೆ 30ರ ಡಿಶ್ಶಿನ ಕಿರಣದ ಅಗಲ ಸುಮಾರು 5 ಡಿಗ್ರಿ. 23ರದ್ದು ಅದರ ಇಮ್ಮಡಿ. ನಿಮ್ಮ ಕಡೆಯ ಆಷಾಢದ ಗಾಳಿಗೆ ಜಿಐ ಪೈಪು ಎರಡೂವರೆ ಡಿಗ್ರಿ ವಾಲಿದರೆ ಸಾಕು, ದೊಡ್ಡ ಡಿಶ್‌ನವರ ಸಿಗ್ನಲ್ ಅರ್ಧಕ್ಕಿಳಿಯುತ್ತದೆ. ಆಂಟೆನಾ ತಾನಾಗಿ ಒಂದು ಮಿಲಿವ್ಯಾಟನ್ನೂ ಹುಟ್ಟಿಸುವುದಿಲ್ಲ. ಸುತ್ತೆಲ್ಲ ಚೆಲ್ಲಿಹೋಗುವುದನ್ನು ಒಂದು ಕಡೆಗೆ ತಿರುಗಿಸುತ್ತದೆ, ಅಷ್ಟೇ. ಹೆಚ್ಚು ಡಿಬಿ ಎಂದರೆ ಹೆಚ್ಚು ಇಕ್ಕಟ್ಟು.

ಈಗ ಜೂನ್‌ನ ಕಥೆ. ಕಣ್ಣಿಗೆ ಅಣ್ಣನ ಮನೆ ಕಂಡ ಮಾತ್ರಕ್ಕೆ ದಾರಿ ತೆರವಾಗಿದೆ ಎಂದಲ್ಲ. ಆ ನೋಟದ ಗೆರೆಯ ಸುತ್ತಲೂ ಅಲೆಗೆ ಓಡಾಡಲು ಜಾಗ ಬೇಕು. ಇದಕ್ಕೆ ಫ್ರೆನೆಲ್ ವಲಯ ಎಂದು ಹೆಸರು. ನಿಮ್ಮ ದೂರಕ್ಕೆ ನಟ್ಟನಡುವೆ ಅದರ ತ್ರಿಜ್ಯ ಸುಮಾರು 5.5 ಮೀಟರ್. ಅದರಲ್ಲಿ ಶೇ. 60ರಷ್ಟಾದರೂ, ಅಂದರೆ 3.3 ಮೀಟರ್, ಖಾಲಿ ಇರಲೇಬೇಕು. ನಿಮ್ಮ ಮನೆಯಿಂದ 100 ಮೀಟರ್ ದೂರದಲ್ಲಿ ತ್ರಿಜ್ಯ 2.2 ಮೀಟರಿಗೆ ಇಳಿಯುತ್ತದೆ, ಆದರೆ ತೋಟ ಇರುವುದೂ ಅಲ್ಲೇ ತಾನೆ? 5.8 ಗಿಗಾಹರ್ಟ್ಸ್‌ನ ತರಂಗಾಂತರ 5.2 ಸೆಂ.ಮೀ. ಅಡಿಕೆ ಸೋಗೆಯ ಒಂದೊಂದು ಎಲೆಯೂ ಅದಕ್ಕಿಂತ ದೊಡ್ಡದು. ಬೇಸಿಗೆಯಲ್ಲಿ ಒಣಗಿದ ಸೋಗೆಯ ಸಂದಿಯಲ್ಲಿ ಹೇಗೋ ನುಸುಳಿದ ಅಲೆ, ಮಳೆಗಾಲದಲ್ಲಿ ಹೊಸ ಎಲೆಯ ಮೇಲೆ ನೀರು ಕೂತಾಗ ಅಲ್ಲೇ ಹೀರಿಹೋಗುತ್ತದೆ. ನೆಂಟರು ಏಪ್ರಿಲ್‌ನಲ್ಲಿ ಮೀಟರ್ ನೋಡಿ ಸರಿ ಇದೆ ಎಂದುಕೊಂಡಿರಬೇಕು.

ಆದ್ದರಿಂದ ಉಳಿಸಿದ ದುಡ್ಡನ್ನು ಕಂಬಕ್ಕೆ ಹಾಕಿ. ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡರನ್ನು ಕೇಳಿ: ಆ ಸಾಲಿನ ಅತಿ ಎತ್ತರದ ಮರದ ತುದಿಗೆ ಹೋದಾಗ ಅಣ್ಣನ ಮನೆಯ ಮಾಡು ಕಣ್ಣಿನ ಮಟ್ಟಕ್ಕಿಂತ ಎಷ್ಟು ಮೇಲೆ ಕಾಣುತ್ತದೆ ಎಂದು. ಅವರಷ್ಟು ಚೆನ್ನಾಗಿ ಹೇಳುವ ಸರ್ವೇಯರ್ ಸಿಗುವುದಿಲ್ಲ. ಬೆಳಗಿನ ಬಿಸಿಲಿಗೆ ಅಣ್ಣನವರು ತಾವು ಆಂಟೆನಾ ಕೂರಿಸುವ ಜಾಗದಿಂದಲೇ ಕನ್ನಡಿ ಮಿನುಗಿಸಲಿ. ಆ ಬೆಳಕು ನಿಮ್ಮ ಕಂಬದ ತುದಿಗೆ ಎಲೆಯ ತಡೆಯಿಲ್ಲದೆ ಬೀಳಬೇಕು. ಇನ್ನೈದು ವರ್ಷದಲ್ಲಿ ಮರ ಎಷ್ಟು ಬೆಳೆಯುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಗುರಿ ಹಿಡಿಯುವಾಗ ಒಂದು ಮೋಸ ಇದೆ. ಯಾವ ಡಿಶ್ಶಿಗೂ ಮುಖ್ಯ ಕಿರಣದ ಎರಡೂ ಮಗ್ಗುಲಲ್ಲಿ ಸಣ್ಣ ಸಣ್ಣ ಕಿರಣಗಳಿರುತ್ತವೆ, ಸೈಡ್ ಲೋಬ್ ಅನ್ನುತ್ತೇವೆ. ಮೆಲ್ಲಗೆ ತಿರುಗಿಸುತ್ತ ಮೀಟರ್ ಏರಿ ಇಳಿದ ತಕ್ಷಣ ನಟ್ಟು ಬಿಗಿದರೆ ಬಹಳ ಸಲ ಸಿಕ್ಕಿರುವುದು ಅದೇ. ಲಿಂಕ್ ಓಡುತ್ತದೆ, ಆದರೆ ಕುಂಟುತ್ತದೆ. ಅದಕ್ಕೇ ಮೊದಲು −56ರ ಲೆಕ್ಕ ಹಾಕಿಸಿದ್ದು. ಮೀಟರ್ −58, −59 ತೋರಿಸಿದರೆ ಸರಿ. −72ಕ್ಕೇ ನಿಂತರೆ ಇನ್ನೂ ತಿರುಗಿಸಿ, ಅಡ್ಡಕ್ಕೂ ಮೇಲಕ್ಕೂ. ಒಂದು ತುದಿ ಬಿಗಿದ ಮೇಲೆ ಇನ್ನೊಂದು ತುದಿ, ಆಮೇಲೆ ಮತ್ತೆ ಮೊದಲನೆಯದು.

ಸಿಡಿಲಿನ ಊರು ನಿಮ್ಮದು. ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್, ಮನೆಯೊಳಗೆ ಬರುವ ಈಥರ್‌ನೆಟ್ ತಂತಿಗೆ ಸರ್ಜ್ ಪ್ರೊಟೆಕ್ಟರ್ ಇಲ್ಲದೆ ರೇಡಿಯೊ ಮೇಲೇರಿಸಲೇಬೇಡಿ. ತಂತಿ ಪೆಟ್ಟಿಗೆಗೆ ಸೇರುವ ಮುಂಚೆ ಒಂದು ಬಳುಕು ಕೆಳಗಿಳಿಸಿ ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಪ್ರಶ್ನೆ: ಆವರ್ತನ ಹೆಚ್ಚಾದಷ್ಟೂ ಅಲೆ ಬೇಗ ಕ್ಷೀಣಿಸುತ್ತದೆ ಎಂದು ಎಲ್ಲರೂ ಬರೆಯುತ್ತಾರೆ, ಸೂತ್ರದಲ್ಲೂ ಆವರ್ತನ ಇದೆ. ಆದರೆ ಬರಿಯ ಜಾಗದಲ್ಲಿ ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಹರಡುತ್ತದೆಯೇ ಹೊರತು ಅಲ್ಲಿ ಆವರ್ತನಕ್ಕೇನು ಕೆಲಸ? ತರಗತಿಯಲ್ಲಿ ಹುಡುಗನೊಬ್ಬ ಕೇಳಿದ, ನನಗೆ ಉತ್ತರ ಹೊಳೆಯಲಿಲ್ಲ.
(ಪಿಯು ಭೌತಶಾಸ್ತ್ರ ಉಪನ್ಯಾಸಕರು, ಹಾಸನ)

ಉತ್ತರ: ಆ ಹುಡುಗನಿಗೆ ನನ್ನ ಶಹಭಾಸ್ ಹೇಳಿ ಸರ್. ಖಾಲಿ ಜಾಗಕ್ಕೆ ಆವರ್ತನ ಗೊತ್ತೇ ಇಲ್ಲ. ಮೇಲಿನ ಉತ್ತರದಲ್ಲಿ ನಾನೇ "115 ಡಿಬಿ ನಷ್ಟ" ಎಂದು ಬರೆದಿದ್ದೇನೆ, ಲೆಕ್ಕದ ಅನುಕೂಲಕ್ಕೆ ಎಲ್ಲರೂ ಹಾಗೆಯೇ ಬರೆಯುತ್ತೇವೆ. ವಾಸ್ತವದಲ್ಲಿ ಆವರ್ತನ ನುಸುಳುವುದು ಹಿಡಿಯುವ ಆಂಟೆನಾದ ಮೂಲಕ.

ಯಾವುದೇ ಆಂಟೆನಾ ಗಾಳಿಯಲ್ಲಿ ಹರಿದು ಬರುವ ಶಕ್ತಿಯನ್ನು ಇಷ್ಟು ಚದರ ಅಳತೆಯಷ್ಟು ಬಾಚಿಕೊಳ್ಳುತ್ತದೆ. ಆ ಅಳತೆ ಎಂದರೆ ಗೇನ್ ಮತ್ತು ತರಂಗಾಂತರದ ವರ್ಗದ ಗುಣಲಬ್ಧವನ್ನು 4π ಇಂದ ಭಾಗಿಸಿದ್ದು. ಅರ್ಧ ತರಂಗಾಂತರದ ಡೈಪೋಲ್ (ನಡುವೆ ಕೇಬಲ್ ಜೋಡಿಸಿದ ಎರಡು ಕಡ್ಡಿಯ ಸರಳ ಆಂಟೆನಾ) ತೆಗೆದುಕೊಳ್ಳಿ, ಗೇನ್ 1.64. ಎಫ್‌ಎಂ ಪಟ್ಟಿಯ 100 ಮೆಗಾಹರ್ಟ್ಸ್‌ನಲ್ಲಿ ಅದು ಬಾಚುವ ಜಾಗ 1.17 ಚದರ ಮೀಟರ್. ಅದೇ ಅರ್ಧ ತರಂಗಾಂತರದ ಡೈಪೋಲ್ ವೈಫೈಯ 2.4 ಗಿಗಾಹರ್ಟ್ಸ್‌ನಲ್ಲಿ ಬಾಚುವುದು 20 ಚದರ ಸೆಂ.ಮೀ. 5ಜಿಗೆಂದು ಹಂಚಿರುವ 26 ಗಿಗಾಹರ್ಟ್ಸ್‌ಗೆ ಬಂದರೆ 4 ಮಿ.ಮೀ. ಬದಿಯ ಒಂದು ಚೌಕದಷ್ಟು. ಅಲೆ ಸೊರಗಿಲ್ಲ, ಹಿಡಿಯುವವನು ಕುಗ್ಗಿದ್ದಾನೆ. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಫ್ರಿಸ್ 1946ರಲ್ಲಿ ಪ್ರಕಟಿಸಿದ ಮೂಲ ಸಮೀಕರಣದಲ್ಲಿ ಎರಡೂ ತುದಿಯ ಆಂಟೆನಾಗಳ ವಿಸ್ತೀರ್ಣವೇ ಇದೆ. ಆ ರೂಪದಲ್ಲಿ ಪಾಠ ಮಾಡಿದರೆ ಗೊಂದಲವೇ ಹುಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಪ್ರಶ್ನೆ ಹುಡುಗ ಕೇಳುವ ಮೊದಲೇ ಹೇಳಿಬಿಡಿ: ಎರಡೂ ತುದಿಯಲ್ಲಿ ಡಿಶ್ಶಿನ ಅಳತೆ ಬದಲಿಸದೆ ಆವರ್ತನ ಮಾತ್ರ ಏರಿಸಿದರೆ ಏನಾಗುತ್ತದೆ? ತಲುಪುವ ಶಕ್ತಿ ಹೆಚ್ಚುತ್ತದೆ! ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿ ಇಸ್ರೊದ 32 ಮೀಟರ್ ಡಿಶ್ ಇದೆ, 2008ರಲ್ಲಿ ಚಂದ್ರಯಾನ-1ರ ಹೊತ್ತಿಗೆ ಸಿದ್ಧವಾದದ್ದು. ಅದು ಎಸ್ ಬ್ಯಾಂಡ್ (2.2 ಗಿಗಾಹರ್ಟ್ಸ್ ಆಸುಪಾಸು), ಎಕ್ಸ್ ಬ್ಯಾಂಡ್ (8.4ರ ಆಸುಪಾಸು) ಎರಡರಲ್ಲೂ ಕೆಲಸ ಮಾಡುತ್ತದೆ. 2.2 ಗಿಗಾಹರ್ಟ್ಸ್‌ಗೆ ಹೋಲಿಸಿದರೆ 8.4ರಲ್ಲಿ ಅದೇ ಡಿಶ್ಶಿನ ಗೇನ್ 14 ಪಟ್ಟು ಹೆಚ್ಚು. ದೂರದ ನೌಕೆಗಳು ಚಿತ್ರ, ಮಾಹಿತಿಯ ಹೊರೆಯನ್ನು ಎಕ್ಸ್ ಬ್ಯಾಂಡಿನಲ್ಲಿ ಇಳಿಸುವುದಕ್ಕೆ ಇದೇ ಕಾರಣ. ಇದಕ್ಕೆ ಬೆಲೆಯನ್ನೂ ತೆರಬೇಕು. 8.4ರಲ್ಲಿ ತರಂಗಾಂತರ 3.6 ಸೆಂ.ಮೀ. ಡಿಶ್ಶಿನ ಮೇಲ್ಮೈ ಅದರ ಇಪ್ಪತ್ತರಲ್ಲೊಂದು ಭಾಗದಷ್ಟು, ಅಂದರೆ ಸರಾಸರಿ 1.8 ಮಿ.ಮೀ., ಏರುಪೇರಾದರೂ ಮೂರನೇ ಒಂದು ಪಾಲು ಗೇನ್ ಹೋಗುತ್ತದೆ. 32 ಮೀಟರ್ ಅಗಲದ ಉಕ್ಕು, ಬಿಸಿಲು, ಗಾಳಿ, ತನ್ನದೇ ಭಾರ, ಅದರಲ್ಲಿ 1.8 ಮಿ.ಮೀ. ಕೂಡ ಬಿಡುವಂತಿಲ್ಲ. ಆಂಟೆನಾ ಕೆಲಸದಲ್ಲಿ ಅರ್ಧ ಭಾಗ ಮೆಕ್ಯಾನಿಕಲ್‌ನವರದೇ ಎಂದು ನಾವು ಸುಮ್ಮನೆ ಹೇಳುತ್ತಿರಲಿಲ್ಲ.

ಪ್ರಶ್ನೆ: ಪ್ರಾಜೆಕ್ಟಿಗೆ 2.45 ಗಿಗಾಹರ್ಟ್ಸ್‌ನ ಪ್ಯಾಚ್ ಆಂಟೆನಾ (ಬೋರ್ಡಿನ ಮೇಲಿನ ಚಪ್ಪಟೆ ತಾಮ್ರದ ತುಂಡು) ಮಾಡಿದ್ದೇನೆ. 1.6 ಮಿ.ಮೀ. ಎಫ್‌ಆರ್-4 ಬೋರ್ಡು, ಪ್ಯಾಚ್ 37 × 29 ಮಿ.ಮೀ. ಸಿಮ್ಯುಲೇಶನ್‌ನಲ್ಲಿ ವಾಪಸ್ ಬರುವ ಶಕ್ತಿಯ ಗ್ರಾಫಿನ ತಗ್ಗು ಸರಿಯಾಗಿ 2.45ಕ್ಕೇ ಬರುತ್ತಿತ್ತು. ಬೋರ್ಡು ಎಚ್ಚಿಂಗ್ ಮಾಡಿ ನ್ಯಾನೋವಿಎನ್ಎ ಎಂಬ ಅಳೆಯುವ ಪುಟ್ಟ ಯಂತ್ರದಲ್ಲಿ ನೋಡಿದರೆ 2.39. ಗೈಡ್ ಬೇರೆ ಬೋರ್ಡು ಮಾಡು ಅನ್ನುತ್ತಾರೆ. ಎಲ್ಲಿ ತಪ್ಪಿದೆ?
(ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಬೇಸರ ಬೇಡಮ್ಮ, ನಿಮ್ಮ ವಿನ್ಯಾಸದಲ್ಲಿ ತಪ್ಪಿಲ್ಲ. ಸಾಫ್ಟ್‌ವೇರಿಗೆ ನೀವು 4.4 ಎಂದು ಕೊಟ್ಟ ಡೈಎಲೆಕ್ಟ್ರಿಕ್ ಸ್ಥಿರಾಂಕ (ಬೋರ್ಡು ತನ್ನೊಳಗೆ ಅಲೆಯನ್ನು ಎಷ್ಟು ನಿಧಾನಿಸುತ್ತದೆ ಎಂದು ಹೇಳುವ ಅಂಕ) ಬೋರ್ಡಿಗೆ ಗೊತ್ತಿಲ್ಲ. ಎಫ್‌ಆರ್-4 ಎಂದರೆ ಗಾಜಿನ ನೂಲು, ಎಪಾಕ್ಸಿ ಅಂಟು. ಅವೆರಡರ ಪ್ರಮಾಣ ತಯಾರಕರಿಂದ ತಯಾರಕರಿಗೆ, ಲಾಟಿನಿಂದ ಲಾಟಿಗೆ ಬೇರೆ. ನಿಮ್ಮ ಬೋರ್ಡಿನದು 4.6 ಇದ್ದರೆ ಸಾಕು, ಅನುರಣನ ಶೇ. 2ರಷ್ಟು ಕೆಳಗೆ ಜಾರಿ 2.40ರ ಹತ್ತಿರ ಬರುತ್ತದೆ. ಈ ದಪ್ಪದ ಬೋರ್ಡಿನಲ್ಲಿ ಪ್ಯಾಚಿನ ಬ್ಯಾಂಡ್‌ವಿಡ್ತೇ ಹೆಚ್ಚುಕಡಿಮೆ ಅಷ್ಟಿರುವುದರಿಂದ ಪೂರ್ತಿ ಹೊರಗೆ ಹೋದ ಹಾಗೆ ಕಾಣುತ್ತದೆ.

ಬೇರೆ ಬೋರ್ಡು ಬೇಡ. 29 ಮಿ.ಮೀ. ಇರುವುದು ಉದ್ದ, ಆವರ್ತನ ನಿರ್ಧರಿಸುವುದು ಅದು. ಉದ್ದ ಶೇ. 1ರಷ್ಟು, ಅಂದರೆ 0.3 ಮಿ.ಮೀ., ಕಡಿಮೆಯಾದರೆ ಆವರ್ತನ ಸುಮಾರು 25 ಮೆಗಾಹರ್ಟ್ಸ್ ಏರುತ್ತದೆ. ನಿಮಗೆ ಬೇಕಾದ್ದು 60. ಫೀಡ್, ಅಂದರೆ ಸಿಗ್ನಲ್ ಕೊಡುವ ಜೋಡಣೆ, ಇರುವ ಬದಿಯನ್ನು ಮುಟ್ಟದೆ ಎದುರು ಅಂಚಿನಲ್ಲಿ ಬ್ಲೇಡು, ಉಕ್ಕಿನ ಪಟ್ಟಿ ಇಟ್ಟು 0.7 ಮಿ.ಮೀ. ತಾಮ್ರ ಕೆರೆದು ತೆಗೆಯಿರಿ. ಒಂದೇ ಸಲಕ್ಕಲ್ಲ: 0.2 ಕೆರೆದು ಅಳೆಯಿರಿ, ಮತ್ತೆ 0.2. ಹೆಚ್ಚು ತೆಗೆದರೆ ತಾಮ್ರ ವಾಪಸ್ ಬರುವುದಿಲ್ಲ. ಮುಂದಿನ ಸಲ ಸಣ್ಣದೊಂದು ಪರೀಕ್ಷಾ ಪ್ಯಾಚ್ ಅದೇ ಹಾಳೆಯಿಂದ ಮೊದಲು ಮಾಡಿ ಅಳೆದು, ಅದರಿಂದ ನಿಜವಾದ ಸ್ಥಿರಾಂಕ ಹಿಮ್ಮುಖವಾಗಿ ಲೆಕ್ಕ ಹಾಕಿ, ಆಮೇಲೆ ವಿನ್ಯಾಸಕ್ಕೆ ಕೂರಿ.

ಕೆರೆಯುವ ಮೊದಲು ಅಳತೆಯೇ ಸರಿ ಇದೆಯೋ ನೋಡಿಕೊಳ್ಳಿ. ವಿಎನ್ಎ ಕ್ಯಾಲಿಬ್ರೇಶನ್ ಮಾಡಿದ್ದು ಕೇಬಲಿನ ತುದಿಯಲ್ಲೋ, ಯಂತ್ರದ ಬಾಯಲ್ಲೋ? ತುದಿಯಲ್ಲೇ ಆಗಬೇಕು. ಆಮೇಲೆ ಗ್ರಾಫ್ ನೋಡುತ್ತ ಕೇಬಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಸವರಿ. ತಗ್ಗು ಅತ್ತಿತ್ತ ಅಲುಗಾಡಿತೇ? ಹಾಗಾದರೆ ಕೇಬಲಿನ ಹೊರಮೈಯೂ ಆಂಟೆನಾ ಆಗಿಬಿಟ್ಟಿದೆ. ಎಸ್‌ಎಂಎ ಕನೆಕ್ಟರಿನ ನಾಲ್ಕು ಕಾಲೂ ಗ್ರೌಂಡಿಗೆ ಚೆನ್ನಾಗಿ ಬೆಸುಗೆಯಾಗಿದೆಯೇ ನೋಡಿ, ಕೇಬಲಿಗೆ ಫೆರೈಟ್ ಮಣಿ ಹಾಕಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಸಿಗುವ ಕೆಲವು ಎಸ್‌ಎಂಎಗಳ ನಡುವಿನ ಪಿನ್ ಒಳಗೇ ಸಡಿಲವಿರುತ್ತದೆ. ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ.

ಇನ್ನೊಂದು ಮಾತು, ವೈವಾದಲ್ಲಿ ಕೇಳಿದರೂ ಕೇಳಬಹುದು. ತಗ್ಗು −30 ಡಿಬಿ ಬಂತು ಎಂದು ಎಲ್ಲ ವರದಿಗಳಲ್ಲೂ ದಪ್ಪಕ್ಷರದಲ್ಲಿ ಬರೆಯುತ್ತಾರೆ. 50 ಓಮಿನ ಒಂದು ರೆಸಿಸ್ಟರ್ ಸಿಕ್ಕಿಸಿದರೂ ಅಷ್ಟೇ ತಗ್ಗು ಬರುತ್ತದೆ, ಒಂದು ಹನಿ ಅಲೆಯೂ ಹೊರಗೆ ಹೋಗುವುದಿಲ್ಲ! ಶಕ್ತಿ ವಾಪಸ್ ಬರಲಿಲ್ಲ ಎಂದಷ್ಟೇ ಆ ಗ್ರಾಫ್ ಹೇಳುತ್ತದೆ. ಗಾಳಿಗೆ ಹೋಯಿತೋ ಬೋರ್ಡಿನಲ್ಲೇ ಬಿಸಿಯಾಗಿ ಕಳೆಯಿತೋ ಹೇಳುವುದಿಲ್ಲ. ಎಫ್‌ಆರ್-4ನ ನಷ್ಟದ ಅಂಕ 0.02ರ ಆಸುಪಾಸು. ಮೈಕ್ರೋವೇವ್ ಕೆಲಸಕ್ಕೆಂದೇ ಮಾಡುವ ಟೆಫ್ಲಾನ್ ಬೋರ್ಡುಗಳದ್ದು 0.001. ಹಾಗಾಗಿ ನಿಮ್ಮ ಪ್ಯಾಚಿಗೆ ಕೊಟ್ಟ ಶಕ್ತಿಯಲ್ಲಿ ಅರ್ಧದಷ್ಟು ಬೋರ್ಡಿಗೇ ಹೋದರೂ ಆಶ್ಚರ್ಯವಿಲ್ಲ. ಇದನ್ನು ನೀವೇ ಬಾಯಿಬಿಟ್ಟು ಹೇಳಿ, ಪರೀಕ್ಷಕರು ಮೆಚ್ಚುತ್ತಾರೆ.

ಪ್ರಶ್ನೆ: ನಮ್ಮ ರೂಟರಿಗೆ ನಾಲ್ಕು ಕಡ್ಡಿ ಇವೆ. ಎಲ್ಲವನ್ನೂ ಮಹಡಿ ಕಡೆಗೆ ಗುರಿ ಮಾಡಿ ಬಾಗಿಸಿಟ್ಟರೂ ಮೇಲಿನ ಕೋಣೆಗೆ ವೈಫೈ ಸಿಗುವುದಿಲ್ಲ.
(ಗೃಹಿಣಿ, ಮೈಸೂರು)

ಉತ್ತರ: ಗುರಿ ಮಾಡಿದ್ದಕ್ಕೇ ಸಿಗುತ್ತಿಲ್ಲ. ಕಡ್ಡಿಯ ತುದಿಯಿಂದ ಅಲೆ ಹೊರಡುವುದೇ ಇಲ್ಲ, ಹೊರಡುವುದು ಮಗ್ಗುಲಿನಿಂದ. ಉದ್ದಿನ ವಡೆಯ ತೂತಿಗೆ ಕಡ್ಡಿ ಚುಚ್ಚಿದರೆ ವಡೆ ಇರುವಲ್ಲೆಲ್ಲ ಸಿಗ್ನಲ್, ತೂತಿನ ನೇರಕ್ಕೆ ಇಲ್ಲ. ಮಹಡಿಗೆ ಬೇಕಾದರೆ ಎರಡನ್ನು ನೆಟ್ಟಗೆ ನಿಲ್ಲಿಸಿ, ಎರಡನ್ನು ಅಡ್ಡ ಮಲಗಿಸಿ. ರೂಟರನ್ನು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಇಟ್ಟಿದ್ದರೆ ಮೊದಲು ಅಲ್ಲಿಂದ ಎತ್ತಿ.

ಪ್ರಶ್ನೆ: ಟವರಿನ ಮೇಲೆ ಹಿಂದೆ ಉದ್ದುದ್ದ ಬಿಳಿ ಪಟ್ಟಿಗಳಿದ್ದವು. 5ಜಿ ಬಂದ ಮೇಲೆ ಗಿಡ್ಡನೆಯ ದಪ್ಪ ಪೆಟ್ಟಿಗೆ ಬಂದಿವೆ. ಅದರೊಳಗೆ ಏನಿದೆ? ಅದು ಫೋನ್ ಇದ್ದಲ್ಲಿಗೆ ತಿರುಗುತ್ತದೆ ಅನ್ನುತ್ತಾರೆ, ಆದರೆ ಅಲುಗಾಡುವುದು ಕಾಣುವುದಿಲ್ಲವಲ್ಲ?
(ಮೊಬೈಲ್ ರಿಪೇರಿ ಅಂಗಡಿ, ಹುಬ್ಬಳ್ಳಿ)

ಉತ್ತರ: ಉದ್ದನೆಯ ಪಟ್ಟಿಯೊಳಗೆ ಆಂಟೆನಾಗಳು ಒಂದರ ಕೆಳಗೊಂದು ಸಾಲಾಗಿರುತ್ತವೆ. ಸಾಲು ಉದ್ದವಿದ್ದಷ್ಟೂ ಕಿರಣ ಮೇಲೆ-ಕೆಳಗೆ ತೆಳ್ಳಗಾಗುತ್ತದೆ, ಅಡ್ಡಕ್ಕೆ ಮಾತ್ರ ಅಗಲ, ಸಾಮಾನ್ಯವಾಗಿ 65 ಡಿಗ್ರಿ. ಆ 65 ಡಿಗ್ರಿಯೊಳಗೆ ಇರುವ ಎಲ್ಲರಿಗೂ ಒಂದೇ ಕಿರಣ.

ಹೊಸ ಪೆಟ್ಟಿಗೆ 3.5 ಗಿಗಾಹರ್ಟ್ಸ್ ಆಸುಪಾಸಿನದು. ಅಲ್ಲಿ ಅರ್ಧ ತರಂಗಾಂತರ 4.3 ಸೆಂ.ಮೀ. ಮಾತ್ರ. ಹಾಗಾಗಿ ಅರ್ಧ ಮೀಟರಿಗೂ ಕಡಿಮೆ ಅಗಲದಲ್ಲಿ ಎಂಟು ಸಾಲು ಹಿಡಿಸುತ್ತವೆ. ಒಂದು ಜನಪ್ರಿಯ ಮಾದರಿಯಲ್ಲಿ 192 ಸಣ್ಣ ಆಂಟೆನಾಗಳಿದ್ದು, ಅವುಗಳ ಹಿಂದೆ 64 ಪ್ರತ್ಯೇಕ ರೇಡಿಯೊಗಳಿರುತ್ತವೆ. ಪೆಟ್ಟಿಗೆ ದಪ್ಪಗಿರುವುದು, ಬೆನ್ನಿಗೆ ಬಿಸಿ ಬಿಡುವ ಅಲ್ಯೂಮಿನಿಯಂ ಏಣುಗಳಿರುವುದು ಈ ರೇಡಿಯೊಗಳಿಗಾಗಿ.

ಅಲುಗಾಡದೆ ತಿರುಗುವ ಬಗೆ ಹೀಗೆ. ಎಲ್ಲ ಸಾಲುಗಳಿಗೂ ಏಕಕಾಲಕ್ಕೆ ಅಲೆ ಕೊಟ್ಟರೆ ಕಿರಣ ನೇರ ಮುಂದಕ್ಕೆ. ಪ್ರತಿ ಸಾಲಿಗೂ ಅದರ ಹಿಂದಿನ ಸಾಲಿಗಿಂತ ತುಸು ತಡವಾಗಿ ಕೊಟ್ಟರೆ ತಡವಾದ ಕಡೆಗೆ ಕಿರಣ ವಾಲುತ್ತದೆ. 30 ಡಿಗ್ರಿ ವಾಲಲು ಬೇಕಾದ ತಡ ಕಾಲು ಅಲೆಯಷ್ಟು. 3.5 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 71 ಪಿಕೋಸೆಕೆಂಡ್. ಅಷ್ಟರಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲೆ ಸಿಗ್ನಲ್ ಒಂದು ಸೆಂ.ಮೀ. ಚಿಲ್ಲರೆ ಸಾಗಿರುತ್ತದೆ. ಈ ತಡವನ್ನು ಗಣಕದ ಲೆಕ್ಕದಿಂದಲೇ ಹಾಕುವುದರಿಂದ ಒಂದೇ ಕ್ಷಣದಲ್ಲಿ ನಿಮ್ಮ ಅಂಗಡಿಗೊಂದು ಕಿರಣ, ಬಸ್‌ಸ್ಟ್ಯಾಂಡಿಗೊಂದು ಕಿರಣ ಕಳಿಸಬಹುದು.

ತತ್ವ ಹೊಸದೇನಲ್ಲ. ತಿರುಪತಿ ಹತ್ತಿರದ ಗಾದಂಕಿಯಲ್ಲಿ ವಾತಾವರಣ ಅಧ್ಯಯನಕ್ಕೆ 53 ಮೆಗಾಹರ್ಟ್ಸ್‌ನ ರಾಡಾರ್ ಇದೆ: 32 ಸಾಲು, ಸಾಲಿಗೆ 32ರಂತೆ 1024 ಯಾಗಿ ಆಂಟೆನಾಗಳು (ಹಳೆಯ ಟಿವಿ ಆಂಟೆನಾದಂಥವು), 130 ಮೀಟರ್ ಬದಿಯ ಬಯಲು. ಅಲ್ಲೂ ಕಿರಣ ತಿರುಗುವುದು ಇದೇ ಉಪಾಯದಿಂದ, ಒಂದು ಕಂಬವೂ ಕದಲುವುದಿಲ್ಲ. ಅಲೆ ಸಣ್ಣದಾದದ್ದರಿಂದ ಅಷ್ಟು ದೊಡ್ಡ ಬಯಲಿನ ವಿದ್ಯೆ ಕಂಬದ ಮೇಲಿನ ಪೆಟ್ಟಿಗೆಗೆ ಹಿಡಿಸಿತು.

ಪ್ರಶ್ನೆ: ಮಳೆ ಜೋರಾದರೆ ಡಿಟಿಎಚ್ ಹೋಗುತ್ತದೆ. ಮೊದಲು ಕೇಬಲ್‌ನವರ ಮಾಳಿಗೆಯ ಮೇಲಿದ್ದ ದೊಡ್ಡ ಜಾಲರಿ ಡಿಶ್‌ಗೆ ಹೀಗಾಗುತ್ತಿರಲಿಲ್ಲ. ಯಾಕೆ?
(ನಿವೃತ್ತ ಬ್ಯಾಂಕ್ ನೌಕರರು, ಉಡುಪಿ)

ಉತ್ತರ: ಜಾಲರಿ ಡಿಶ್ ಸಿ ಬ್ಯಾಂಡಿನದು. ಸುಮಾರು 4 ಗಿಗಾಹರ್ಟ್ಸ್, ತರಂಗಾಂತರ 7.5 ಸೆಂ.ಮೀ. ಅದರ ತೂತುಗಳು ತರಂಗಾಂತರದ ಹತ್ತನೇ ಒಂದಕ್ಕಿಂತ ಚಿಕ್ಕವಿದ್ದರೆ ಅಲೆಗೆ ಅದು ತಗಡೇ. ಮಳೆಹನಿಯೂ ಅದಕ್ಕೆ ಲೆಕ್ಕಕ್ಕಿಲ್ಲ. ನಿಮ್ಮ ಮನೆಯ ಚಿಕ್ಕ ಡಿಶ್ ಕೆಯು ಬ್ಯಾಂಡಿನದು: 11–12 ಗಿಗಾಹರ್ಟ್ಸ್, 2.5 ಸೆಂ.ಮೀ. ಕೆಲವು ಮಿ.ಮೀ. ಗಾತ್ರದ ಹನಿ ಅದಕ್ಕೆ ದೊಡ್ಡ ಅಡ್ಡಿ. ಸಿಗ್ನಲ್ ಇಳಿಯುವುದು ಒಂದಾದರೆ, ಮಳೆ ತಾನೇ ಗದ್ದಲ ಮಾಡುವುದು ಇನ್ನೊಂದು. ತಿಳಿಯಾದ ಆಕಾಶ ರೇಡಿಯೊ ಕಣ್ಣಿಗೆ ತೀರ ತಣ್ಣಗಿರುತ್ತದೆ. ಮಳೆಯ ನೀರು ಅದಕ್ಕಿಂತ ಎಷ್ಟೋ ಬೆಚ್ಚಗಿದ್ದು, ಆ ಶಾಖದ ಗದ್ದಲವನ್ನೆಲ್ಲ ಡಿಶ್ಶಿನ ಮುಂದಿರುವ ಎಲ್‌ಎನ್‌ಬಿ (ಸಿಗ್ನಲ್ ಹಿಡಿಯುವ ಪುಟ್ಟ ಪೆಟ್ಟಿಗೆ) ಕೇಳಿಸಿಕೊಳ್ಳುತ್ತದೆ. 26 ಗಿಗಾಹರ್ಟ್ಸ್‌ಗೆ ಹೋದರೆ ಗಂಟೆಗೆ 50 ಮಿ.ಮೀ. ಸುರಿಯುವ ಮಳೆಯಲ್ಲಿ ಪ್ರತಿ ಕಿ.ಮೀ.ಗೆ 7–8 ಡಿಬಿ ಹೋಗುತ್ತದೆ. ಕರಾವಳಿಯಲ್ಲಿ ಆ ಪಟ್ಟಿಯ 5ಜಿಗೆ ಕಂಬಗಳು ಹತ್ತಿರ ಹತ್ತಿರವೇ ಬೇಕು.

ತುಂತುರಿಗೇ ಚಿತ್ರ ಹೋಗುವುದಾದರೆ ಮಾತ್ರ ಡಿಶ್ಶಿನ ಗುರಿ ತಪ್ಪಿದೆ ಎಂದರ್ಥ. ಬಿಸಿಲಿನ ದಿನ ತಿರುಗಿಸಿ ಸರಿಮಾಡಿಸಿ.

ಪ್ರಶ್ನೆ: ಇಷ್ಟು ಸಣ್ಣ ಅಲೆಗಳನ್ನು ಮೊದಲು ಯಾರು ಮಾಡಿದರು? ಮಾರ್ಕೋನಿಯೇ?
(9ನೇ ತರಗತಿ ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಅಲ್ಲ ಪುಟ್ಟ. ರೇಡಿಯೊ ಅಲೆ ಇದೆ ಎಂದು ಪ್ರಯೋಗದಲ್ಲಿ ತೋರಿಸಿದವರು ಜರ್ಮನಿಯ ಹರ್ಟ್ಸ್, 1880ರ ದಶಕದ ಕೊನೆಯಲ್ಲಿ. ಅದನ್ನು ಮಿಲಿಮೀಟರಿನ ಅಳತೆಗೆ ಇಳಿಸಿದವರು ನಮ್ಮ ಜಗದೀಶಚಂದ್ರ ಬೋಸ್. 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಅಲೆಯಿಂದ ದೂರದ ಗಂಟೆ ಬಾರಿಸಿ, ಮದ್ದಿಗೆ ಕಿಡಿ ತಗುಲಿಸಿ ತೋರಿಸಿದರು. ಆಮೇಲೆ 5 ಮಿ.ಮೀ.ಯಷ್ಟು ಸಣ್ಣ ಅಲೆಗಳವರೆಗೂ ಕೆಲಸ ಮಾಡಿದರು. ಅದು ಇವತ್ತಿನ 60 ಗಿಗಾಹರ್ಟ್ಸ್. ಅಲೆ ಹಿಡಿಯಲು ಅವರು ಬಳಸಿದ ಲೋಹದ ಆಲಿಕೆಯನ್ನು ಈಗ ಹಾರ್ನ್ ಆಂಟೆನಾ ಅನ್ನುತ್ತೇವೆ, ನಮ್ಮ ಟೆಸ್ಟ್ ರೇಂಜಿನಲ್ಲಿ ದಿನಾ ಹಿಡಿದು ಓಡಾಡುತ್ತಿದ್ದುದು ಅದನ್ನೇ. ಅಲೆಯ ಕಂಪನದ ದಿಕ್ಕು ಪರೀಕ್ಷಿಸಲು ಅವರು ರೈಲ್ವೆ ವೇಳಾಪಟ್ಟಿಯ ಪುಸ್ತಕದ ಪುಟಗಳ ನಡುವೆ ತವರದ ಹಾಳೆ ಇಟ್ಟರಂತೆ! ಮಾರ್ಕೋನಿ ಹಿಡಿದದ್ದು ಉದ್ದ ಅಲೆಗಳ ದಾರಿ, ಸಾಗರ ದಾಟಲು ಆಗ ಅದೇ ಬೇಕಿತ್ತು.

ಪ್ರಶ್ನೆ: ಫ್ಲ್ಯಾಟಿನೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಆನ್‌ಲೈನ್‌ನಲ್ಲಿ ಸಿಗುವ ಬೂಸ್ಟರ್ ತರಿಸಲೇ?
(ಬೆಂಗಳೂರು)

ಉತ್ತರ: ಬೇಡ. ಅನುಮತಿ ಇಲ್ಲದೆ ಅದನ್ನು ಬಳಸುವುದು ಕಾನೂನಿಗೆ ವಿರುದ್ಧ. ಒಳಗಿನ ಆಂಟೆನಾದ ಸಿಗ್ನಲ್ ಮತ್ತೆ ಮಾಳಿಗೆಯ ಆಂಟೆನಾಗೆ ಸೇರಿತೋ, ಯಂತ್ರ ಊಳಿಡಲು ಶುರುಮಾಡಿ ಇಡೀ ಬೀದಿಯ ಫೋನುಗಳನ್ನು ಕೆಡಿಸುತ್ತದೆ. ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಅದಕ್ಕೆ ಖರ್ಚಿಲ್ಲ.

ಪ್ರಶ್ನೆ: ಕಾಫಿ ತೋಟದ ಮಣ್ಣಿನ ತೇವ ಅಳೆಯುವ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ರೇಡಿಯೊ) ಸೆನ್ಸರ್‌ಗಳ ಆಂಟೆನಾವನ್ನು ಇಲಿ ಕಡಿದಿವೆ. ತಂತಿಯಲ್ಲೇ ಮಾಡಿಕೊಳ್ಳಬಹುದೇ?
(ಬೆಳೆಗಾರರು, ಮಡಿಕೇರಿ)

ಉತ್ತರ: ಖಂಡಿತ. ನಮ್ಮಲ್ಲಿ ಲೋರಾ ಓಡುವುದು 866 ಮೆಗಾಹರ್ಟ್ಸ್ ಸುತ್ತಮುತ್ತ. ಕಾಲು ತರಂಗಾಂತರ 8.65 ಸೆಂ.ಮೀ., ತಂತಿಯ ದಪ್ಪದ ಲೆಕ್ಕ ಹಿಡಿದು 8.2ಕ್ಕೆ ಕತ್ತರಿಸಿ. ಕನೆಕ್ಟರಿನ ನಡುವಿನ ಪಿನ್ನಿಗೆ ಇದೊಂದು ನೆಟ್ಟಗೆ. ಹೊರಮೈಗೆ ಅಷ್ಟೇ ಉದ್ದದ ನಾಲ್ಕು ತಂತಿ, 45 ಡಿಗ್ರಿ ಕೆಳಗೆ ಬಾಗಿಸಿ. ಸಪಾಟಾಗಿ ಬಿಟ್ಟರೆ ಆಂಟೆನಾದ ತಡೆ 36 ಓಮಿನ ಹತ್ತಿರ ಇರುತ್ತದೆ, ಬಾಗಿಸಿದರೆ 50ಕ್ಕೆ ಬರುತ್ತದೆ, ರೇಡಿಯೊಗೆ ಬೇಕಾದ್ದೂ ಅದೇ. ನೀರಿನ ಟ್ಯಾಂಕು, ತಂತಿಬೇಲಿಯಿಂದ ಒಂದು ಮೊಳವಾದರೂ ದೂರ ಇಡಿ. ಸೆನ್ಸರ್ ನೆಲದಲ್ಲೇ ಇರಲಿ, ಆಂಟೆನಾ ಮಾತ್ರ ಗಿಡದ ನೆತ್ತಿಯಿಂದ ಮೇಲಿರಬೇಕು. ಮಳೆ ನೀರು ಇಳಿಯದಂತೆ ಪಿವಿಸಿ ಕೊಳವೆ ಹೊದಿಸಬಹುದು, ಲೋಹದ ಕೊಳವೆ ಮಾತ್ರ ಬೇಡ.

ಪ್ರಶ್ನೆ: ರೂಟರ್ ಕೆಳಗಿನ ಕೋಣೆಯಲ್ಲಿದೆ. ಟೆರೇಸಿನ ಮೇಲೆ 12 ಡಿಬಿಐ ಎಂದು ಬರೆದಿದ್ದ ಉದ್ದನೆಯ ಆಂಟೆನಾ ನಿಲ್ಲಿಸಿ 15 ಮೀಟರ್ ಆರ್‌ಜಿ-58 ಕೇಬಲ್ ಎಳೆದೆ. 2.4 ಗಿಗಾಹರ್ಟ್ಸ್ ವೈಫೈ ಅಂಗಳಕ್ಕೂ ಬರುತ್ತಿಲ್ಲ, ಮೊದಲೇ ವಾಸಿ ಇತ್ತು.
(ಕಂಪ್ಯೂಟರ್ ತರಬೇತಿ ಕೇಂದ್ರ, ಕಲಬುರಗಿ)

ಉತ್ತರ: ಆ ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡಿಬಿ ನುಂಗುತ್ತದೆ. 15 ಡಿಬಿ ಹೋಯಿತು, 12 ಬಂತು. ಆಂಟೆನಾದ ಕಾಲಿಗೆ ತಲುಪುವುದು ಹೊರಟಿದ್ದರಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ. ಅಲ್ಲಿಂದಲಾದರೂ ಸರಿಯಾಗಿ ಹೋಗುತ್ತದೆಯೇ ಎಂದರೆ, 12 ಡಿಬಿಐ ಬರಲು ಆ ಕಡ್ಡಿ ತನ್ನ ಕಿರಣವನ್ನು ಏಳೆಂಟು ಡಿಗ್ರಿಯ ತೆಳು ಪದರವಾಗಿ ಅಡ್ಡಕ್ಕೆ ಹರಡುತ್ತದೆ. ಟೆರೇಸಿನಿಂದ ಹೊರಟ ಆ ಪದರ ನಿಮ್ಮ ಅಂಗಳದ ತಲೆಯ ಮೇಲಿಂದ ಹಾದು ಪಕ್ಕದ ಬೀದಿಗೆ ಹೋಗುತ್ತದೆ.

ಎಲ್‌ಎಂಆರ್-400 ಎಂಬ ದಪ್ಪ ಕೇಬಲಿನಲ್ಲಿ 15 ಮೀಟರಿಗೆ ಮೂರು ಡಿಬಿ ಚಿಲ್ಲರೆ ಹೋಗುತ್ತದೆ, ಆದರೆ ದುಬಾರಿ. ಡಿಟಿಎಚ್‌ಗೆ ಬಳಸುವ ಆರ್‌ಜಿ-6 ಕೂಡ ನಿಮ್ಮ ಆರ್‌ಜಿ-58ಕ್ಕಿಂತ ವಾಸಿ. 75 ಓಮಿನದಾದರೂ ಹೊಂದಿಕೆ ತಪ್ಪಿ ವಾಪಸಾಗುವುದು ಶೇ. 4 ಮಾತ್ರ, ಕೇಬಲ್ ನುಂಗುವುದು ಆರ್‌ಜಿ-58ರ ಮೂರನೇ ಒಂದರಷ್ಟು. ಇವಾವುದೂ ಬೇಡ ಎನ್ನುವುದು ನನ್ನ ಸಲಹೆ. ಕೆಳಗಿನಿಂದ ಈಥರ್‌ನೆಟ್ ತಂತಿ ಎಳೆದು, ಹೊರಗೆ ಇಡಬಹುದಾದ ಸಣ್ಣ ಆ್ಯಕ್ಸೆಸ್ ಪಾಯಿಂಟನ್ನು ಅಂಗಳದ ಕಡೆಯ ಗೋಡೆಗೆ ಒಂದಾಳು ಎತ್ತರದಲ್ಲಿ ತಗುಲಿಸಿ. ಕಲಬುರಗಿಯ ಮೇ ತಿಂಗಳಿನ ಬಿಸಿಲು ನೇರ ಬೀಳದ ಗೋಡೆ ಆರಿಸಿ. 12 ಡಿಬಿಐ ಕಡ್ಡಿಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೋ ಕೇಳಿ ನೋಡಿ.